ತೋಟದ ಹೆಂಚಿನ ಮನೆಗೆ ಸದ್ದು ಮಾಡದ ಗೇಮಿಂಗ್ ಕಂಪ್ಯೂಟರ್: ಬಿಡಿಭಾಗಗಳ ಆಯ್ಕೆ ಹೇಗೆ?

ಹೆಂಚಿನಮನೆ (ಮೂಡಿಗೆರೆ)

ಎಲ್ಲರಿಗೂ ನಮಸ್ಕಾರ. ಹೊಸ ಗೇಮಿಂಗ್ ಕಂಪ್ಯೂಟರ್ ಒಂದನ್ನು ಬಿಡಿಭಾಗಗಳನ್ನು ಕೊಂಡು ನಾನೇ ಜೋಡಿಸಿಕೊಳ್ಳಬೇಕೆಂದಿದ್ದೇನೆ. 1440ಪಿ, 165 ಹರ್ಟ್ಸ್‌ನ (ಸೆಕೆಂಡಿಗೆ 165 ಬಾರಿ ಚಿತ್ರ ಬದಲಿಸುವ) ಮಾನಿಟರ್ ಈಗಾಗಲೇ ಮನೆಯಲ್ಲಿದೆ; ಉಳಿದದ್ದೆಲ್ಲ ಹೊಸದಾಗಿ ಬರಬೇಕು. ಎರಡು ಲಕ್ಷ ರೂಪಾಯಿಯೊಳಗೆ ಮುಗಿದರೆ ಅನುಕೂಲ. ವೇಗದ ವಿಷಯದಲ್ಲಿ ನನಗೆ ಅಂಥ ಗೊಂದಲವೇನಿಲ್ಲ. ಕೇಳಬೇಕಾಗಿರುವುದು ಸದ್ದಿನ ಬಗ್ಗೆ.

ನಮ್ಮದು ತೋಟದ ನಡುವಿನ ಹಳೆಯ ಹೆಂಚಿನ ಮನೆ. ಕೋಣೆಗಳ ನಡುವಿನ ಗೋಡೆಗಳು ತೊಲೆಯ ಮಟ್ಟಕ್ಕೆ ನಿಂತುಬಿಡುತ್ತವೆ. ಅಲ್ಲಿಂದ ಮೇಲೆ ಹೆಂಚಿನವರೆಗೆ ಎಲ್ಲ ಕೋಣೆಗಳಿಗೂ ಒಂದೇ ಬಯಲು. ನನ್ನ ಕೋಣೆಯಲ್ಲಿ ಕುರ್ಚಿ ಸರಿಸಿದರೂ ಪಕ್ಕದಲ್ಲಿ ಮಲಗಿದ ಅಪ್ಪ ಅಮ್ಮನಿಗೆ ಕೇಳುತ್ತದೆ. ಕಾಫಿ ಕೊಯ್ಲಿನ ದಿನಗಳಲ್ಲಿ ಅಪ್ಪ ಬೆಳಗಿನ ಐದಕ್ಕೆಲ್ಲ ಏಳುವವರು. ನಾನು ಆಡಲು ಕೂರುವುದೋ ರಾತ್ರಿ ಹತ್ತರ ಮೇಲೆ. ಈಗಿರುವ ಹಳೆಯ ಯಂತ್ರದಲ್ಲಿ ಆಟ ಶುರುವಾಗಿ ಸ್ವಲ್ಪ ಹೊತ್ತಾಗುವಷ್ಟರಲ್ಲಿ "ಆ ಮಿಕ್ಸಿ ಆರಿಸೋ" ಎಂಬ ಮಾತು ಗೋಡೆಯ ಮೇಲಿನಿಂದ ಬರುತ್ತದೆ.

ಲಿಕ್ವಿಡ್ ಕೂಲಿಂಗ್ (ದ್ರವ ಹರಿಸಿ ತಂಪು ಮಾಡುವ ವ್ಯವಸ್ಥೆ) ಹಾಕಿಸಿದರೆ ಎಲ್ಲ ಸರಿಹೋಗುತ್ತದೆ ಎಂದು ಅಂಗಡಿಯವರೊಬ್ಬರು ಹೇಳಿದರು. ಒಳಗೆ ಫೋಮ್ ಹಚ್ಚಿದ, ಮುಂಭಾಗ ಪೂರ್ತಿ ಮುಚ್ಚಿದ ಕ್ಯಾಬಿನೆಟ್ ತೆಗೆದುಕೊಳ್ಳಿ ಎಂದು ಇನ್ನೊಬ್ಬರು. ಇವೆರಡರಲ್ಲಿ ಯಾವುದು ನಿಜವಾಗಿ ಕೆಲಸ ಮಾಡುತ್ತದೆ, ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬಹುದು ಎಂಬುದನ್ನು ತಿಳಿದವರು ಹೇಳಬೇಕು.

ಬಯಲುಸೀಮೆ (ಕಡೂರು)

ಇಷ್ಟೆಲ್ಲ ತಲೆಕೆಡಿಸಿಕೊಳ್ಳುವುದಕ್ಕಿಂತ ಒಂದು ಗೇಮಿಂಗ್ ಲ್ಯಾಪ್‌ಟಾಪ್ ಕೊಂಡು ಹೆಡ್‌ಫೋನ್ ಹಾಕಿಕೊಂಡರೆ ಆಗದೇ?

ಹೆಂಚಿನಮನೆ (ಮೂಡಿಗೆರೆ)

ಹೆಡ್‌ಫೋನ್ ಹಾಕಿಕೊಂಡರೆ ನನಗೆ ಕೇಳಿಸುವುದಿಲ್ಲ, ಅಪ್ಪನಿಗೆ ಕೇಳಿಸುವುದು ನಿಲ್ಲುವುದಿಲ್ಲ. ಲ್ಯಾಪ್‌ಟಾಪನ್ನು ತಮ್ಮನ ಕೈಯಲ್ಲಿ ನೋಡಿದ್ದೇನೆ. ಆಟದ ಹೊತ್ತಿಗೆ ಅದರ ಸಣ್ಣ ಫ್ಯಾನ್‌ಗಳ ಕೀರಲು ಸದ್ದು ನನ್ನ ಹಳೆಯ ಡೆಸ್ಕ್‌ಟಾಪಿಗಿಂತ ಜೋರು.

ಹೇಮಾವತಿದಡ (ಹಾಸನ)

ಮೊದಲು ಸದ್ದಿನ ಲೆಕ್ಕವನ್ನು ಸರಿಯಾಗಿ ಹಿಡಿದುಕೊಂಡರೆ ನಿಮ್ಮ ಅರ್ಧ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ. ಡೆಸಿಬೆಲ್ ಎನ್ನುವುದು ಲಾಗರಿದಮ್ ಆಧಾರದ ಅಳತೆ. ಒಂದೇ ಮಟ್ಟದ ಸದ್ದು ಮಾಡುವ ಎರಡು ಫ್ಯಾನ್‌ಗಳು ಒಟ್ಟಿಗೆ ತಿರುಗಿದಾಗ ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಸದ್ದು ಇಮ್ಮಡಿಯಾಯಿತು ಎನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು. ಆದರೆ ಒಂದೇ ಫ್ಯಾನಿನ ವೇಗವನ್ನು ಅರ್ಧಕ್ಕೆ ಇಳಿಸಿದರೆ ಅದರ ಸದ್ದು ಸುಮಾರು 15 ಡೆಸಿಬೆಲ್‌ನಷ್ಟು ಬೀಳುತ್ತದೆ, ಸಾಗುವ ಗಾಳಿ ಮಾತ್ರ ಅರ್ಧಕ್ಕೇ ನಿಲ್ಲುತ್ತದೆ. ಈಗ ಎರಡನ್ನೂ ಕೂಡಿಸಿ ನೋಡಿ: ನಿಮಿಷಕ್ಕೆ 1500 ಸುತ್ತು ತಿರುಗುವ ಒಂದು ಫ್ಯಾನಿನ ಜಾಗದಲ್ಲಿ 750 ಸುತ್ತಿನ ಅಂಥವೇ ಎರಡನ್ನು ಹಾಕಿದರೆ ಗಾಳಿ ಹೆಚ್ಚುಕಡಿಮೆ ಅಷ್ಟೇ ಸಾಗುತ್ತದೆ, ಸದ್ದು ಸುಮಾರು 12 ಡೆಸಿಬೆಲ್ ಇಳಿಯುತ್ತದೆ. ಹೆಚ್ಚು ಫ್ಯಾನ್ ಹಾಕಿದರೆ ಹೆಚ್ಚು ಸದ್ದು ಎಂದು ತಿಳಿದವರು ಬಹಳ ಮಂದಿ ಇದ್ದಾರೆ. ನಿಧಾನವಾಗಿ ಓಡಿಸುವುದಾದರೆ ವಿಷಯ ತಿರುಗುಮುರುಗು.

ಇದಕ್ಕೆ ಒಂದು ಷರತ್ತಿದೆ. ಫ್ಯಾನ್ ಹುಟ್ಟಿಸುವ ಒತ್ತಡ ಅದರ ವೇಗದ ವರ್ಗಕ್ಕೆ ತಕ್ಕಂತೆ ಇರುತ್ತದೆ. ಅರ್ಧ ವೇಗದಲ್ಲಿ ಒತ್ತಡ ಕಾಲುಭಾಗ ಮಾತ್ರ. ಗಾಳಿಯ ದಾರಿಯಲ್ಲಿ ಅಡ್ಡಿ ಇದ್ದರೆ ನಿಧಾನದ ಫ್ಯಾನಿಗೆ ಅದನ್ನು ದಾಟುವ ಶಕ್ತಿ ಇರುವುದಿಲ್ಲ. ಮುಂಭಾಗ ಮುಚ್ಚಿ ಒಳಗೆ ಫೋಮ್ ಹಚ್ಚಿದ ಕ್ಯಾಬಿನೆಟ್ ಸೋಲುವುದು ಇಲ್ಲಿಯೇ. ಫೋಮ್ ಎತ್ತರದ ಸ್ವರದ ಸದ್ದನ್ನು ಸ್ವಲ್ಪ ಹೀರುತ್ತದೆ, ತಗ್ಗಿನ ಗುಂಯ್‌ಗುಡುವ ಸದ್ದಿಗೆ ಅದರಿಂದ ಏನೂ ಆಗುವುದಿಲ್ಲ. ಅದರ ಜೊತೆಗೆ ಒಳಗೆ ಬಿಸಿ ಕೂಡಿ, ಫ್ಯಾನ್‌ಗಳು ಮೊದಲಿಗಿಂತ ವೇಗವಾಗಿ ತಿರುಗಬೇಕಾಗುತ್ತದೆ. ಬರವಣಿಗೆ, ಬ್ರೌಸಿಂಗ್ ಮಾಡುವವರಿಗೆ ಆ ಕ್ಯಾಬಿನೆಟ್ ಒಳ್ಳೆಯದಿರಬಹುದು. ಮುನ್ನೂರು ವಾಟ್ ಸುಡುವ ಆಟದ ಯಂತ್ರಕ್ಕೆ ಮುಂಭಾಗದಲ್ಲಿ ತೆರೆದ ಜಾಲರಿ ಇರುವ ಕ್ಯಾಬಿನೆಟ್ಟೇ ಸರಿ.

ಇನ್ನು ಮುಖ್ಯ ಮಾತು. ಕಂಪ್ಯೂಟರ್ ಸೆಳೆಯುವ ಪ್ರತಿಯೊಂದು ವಾಟ್ ವಿದ್ಯುತ್ತೂ ಕೊನೆಗೆ ಶಾಖವಾಗಿಯೇ ಹೊರಬರಬೇಕು, ಅದನ್ನು ಹೊರಹಾಕಲೆಂದೇ ಫ್ಯಾನ್‌ಗಳು ತಿರುಗುತ್ತವೆ. ಹುಟ್ಟಿದ ಸದ್ದನ್ನು ಅಡಗಿಸಲು ಹಣ ಹಾಕುವ ಮೊದಲು ಶಾಖವೇ ಕಡಿಮೆ ಹುಟ್ಟುವ ಭಾಗಗಳನ್ನು ಆರಿಸಬೇಕೆಂಬುದು ನನ್ನ ವಾದ.

ಪ್ರೊಸೆಸರ್ ವಿಷಯದಲ್ಲಿ ಇದು ಸುಲಭ. 2023ರ ಏಪ್ರಿಲ್‌ನಲ್ಲಿ ಬಂದ ಎಎಂಡಿ ರೈಜೆನ್ 7 7800ಎಕ್ಸ್3ಡಿಯಲ್ಲಿ ಎಂಟು ಕೋರ್‌ಗಳೂ 96 ಎಂಬಿ ಎಲ್3 ಕ್ಯಾಶ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಕೂಡ ಇವೆ. ಪೆಟ್ಟಿಗೆಯ ಮೇಲೆ 120 ವಾಟ್ ಎಂದಿದ್ದರೂ ಆಟಗಳಲ್ಲಿ ಅದು ಬಹುಮಟ್ಟಿಗೆ 50ರಿಂದ 80 ವಾಟ್‌ನೊಳಗೇ ಓಡುತ್ತದೆ, ಏಕೆಂದರೆ ಬೇಕಾದ ಮಾಹಿತಿ ದೊಡ್ಡ ಕ್ಯಾಶಿನಲ್ಲೇ ಸಿಗುವುದರಿಂದ ಅತಿ ಹೆಚ್ಚಿನ ಕ್ಲಾಕ್ ವೇಗದ ಅಗತ್ಯ ಅದಕ್ಕೆ ಬೀಳುವುದಿಲ್ಲ. 2024ರ ನವೆಂಬರ್‌ನಲ್ಲಿ ಬಂದ 9800ಎಕ್ಸ್3ಡಿಯಲ್ಲಿ ಆ ಹೆಚ್ಚುವರಿ ಕ್ಯಾಶನ್ನು ಕೋರ್‌ಗಳ ಕೆಳಗೆ ಇಟ್ಟಿರುವುದರಿಂದ ಶಾಖ ಇನ್ನೂ ಸರಾಗವಾಗಿ ಕೂಲರಿಗೆ ತಲುಪುತ್ತದೆ. ವೇಗವೂ ಹೆಚ್ಚು, ಬೆಲೆಯೂ ಹೆಚ್ಚು. ಇವುಗಳ ಪಕ್ಕದಲ್ಲಿ ಇಂಟೆಲ್‌ನ 14900ಕೆ ಪೂರ್ತಿ ಹೊರೆಯಲ್ಲಿ 253 ವಾಟ್‌ವರೆಗೆ ಹೋಗುವ ಪ್ರೊಸೆಸರ್. ಆಟಕ್ಕೆಂದೇ ಕಟ್ಟುವ ಮೌನದ ಯಂತ್ರದಲ್ಲಿ ಅದಕ್ಕೆ ಜಾಗವಿಲ್ಲ.

ಲಿಕ್ವಿಡ್ ಕೂಲಿಂಗ್‌ನ ಪ್ರಶ್ನೆಯೂ ಇದರಿಂದಲೇ ಬಗೆಹರಿಯುತ್ತದೆ. 80 ವಾಟ್ ಶಾಖಕ್ಕೆ ಲೋಹದ ರೆಕ್ಕೆಗಳ ಎರಡು ಗೋಪುರಗಳಿರುವ ಏರ್ ಕೂಲರ್ ಒಂದು ಸಾಕು, ಅದರ ಫ್ಯಾನ್‌ಗಳು 700–800 ಸುತ್ತಿನಲ್ಲಿ ಆರಾಮವಾಗಿ ತಿರುಗಿಕೊಂಡಿರುತ್ತವೆ. ಲಿಕ್ವಿಡ್ ಕೂಲರಿನಲ್ಲಿ ಪಂಪ್ ಇರುತ್ತದೆ. ಯಂತ್ರ ಖಾಲಿ ಇದ್ದಾಗಲೂ ಅದು ಓಡುತ್ತಲೇ ಇರಬೇಕು, ಅದರ ಸಣ್ಣ ಏಕಸ್ವರದ ಗುಂಯ್ ರಾತ್ರಿಯ ಮೌನದಲ್ಲಿ ಎದ್ದು ಕೇಳುತ್ತದೆ. ಒಳಗೆ ಗಾಳಿಯ ಗುಳ್ಳೆ ಸೇರಿಕೊಂಡರೆ ಗುಳುಗುಳು ಸದ್ದು ಬೇರೆ. ಥರ್ಮಲ್‌ರೈಟ್‌ನ ಪೀರ್‌ಲೆಸ್ ಅಸ್ಯಾಸಿನ್ 120 ಎಸ್‌ಇ ಕಡಿಮೆ ಬೆಲೆಗೆ ಸಿಗುವ ಏರ್ ಕೂಲರ್. ಅದಕ್ಕಿಂತ ಬಹಳ ದುಬಾರಿಯಾದ, ಆಸ್ಟ್ರಿಯಾದ ನಾಕ್ಟುವಾ ಸಂಸ್ಥೆಯ ಎನ್‌ಎಚ್-ಡಿ15 ಅದಕ್ಕಿಂತ ಸ್ವಲ್ಪ ಉತ್ತಮ. ಆ ಸ್ವಲ್ಪಕ್ಕೆ ಅಷ್ಟು ಹಣ ಕೊಡುವ ಬದಲು ಅದನ್ನು ಗ್ರಾಫಿಕ್ಸ್ ಕಾರ್ಡಿಗೆ ಸೇರಿಸಿ ಎಂದು ನಾನು ಹೇಳುತ್ತೇನೆ, ಏಕೆಂದರೆ ಆಟದ ಹೊತ್ತಿನಲ್ಲಿ ಸದ್ದಿನ ಮೂಲ ಪ್ರೊಸೆಸರ್ ಆಗಿರುವುದು ಅಪರೂಪ.

ಸದ್ದಿನ ಮೂಲ ಗ್ರಾಫಿಕ್ಸ್ ಕಾರ್ಡ್. 2025ರ ಮಾರ್ಚ್‌ನಲ್ಲಿ ಬಂದ ಕಾರ್ಡ್‌ಗಳನ್ನೇ ನೋಡಿ: ಎನ್‌ವಿಡಿಯಾದ ಆರ್‌ಟಿಎಕ್ಸ್ 5070ಕ್ಕೆ 250 ವಾಟ್, ಎಎಂಡಿಯ ಆರ್‌ಎಕ್ಸ್ 9070ಕ್ಕೆ 220 ವಾಟ್, ಅದರ ಅಣ್ಣ 9070 ಎಕ್ಸ್‌ಟಿಗೆ 304 ವಾಟ್. ನಿಮ್ಮ ಮಾನಿಟರಿಗೆ 9070 ಸಾಕು, 16 ಜಿಬಿ ಮೆಮೊರಿಯೂ ಇದೆ. 5070ರಲ್ಲಿ 12 ಜಿಬಿ ಮಾತ್ರ. ಒಂದೇ ಚಿಪ್ಪನ್ನು ಹಲವು ಕಂಪನಿಗಳು ಬೇರೆಬೇರೆ ಕೂಲರ್ ಹಾಕಿ ಮಾರುತ್ತವೆ. ಅವುಗಳಲ್ಲಿ ಅಗ್ಗದ ಎರಡು ಫ್ಯಾನಿನ ಗಿಡ್ಡ ಕಾರ್ಡನ್ನು ಬಿಟ್ಟು ಮೂರು ಫ್ಯಾನಿನ ದಪ್ಪ ಹೀಟ್‌ಸಿಂಕ್ (ಶಾಖ ಹೀರುವ ಲೋಹದ ಭಾಗ) ಇರುವುದನ್ನೇ ಆರಿಸಿ. ಇಡೀ ಯಂತ್ರದಲ್ಲಿ ಹೆಚ್ಚು ಹಣ ಕೊಟ್ಟು ಮೌನವನ್ನು ಕೊಳ್ಳಬಹುದಾದ ಜಾಗ ಇದೊಂದೇ.

ಕೊಂಡ ಮೇಲೆ ಅಂಡರ್‌ವೋಲ್ಟ್ ಮಾಡಿ, ಅಂದರೆ ಚಿಪ್ಪಿಗೆ ಹೋಗುವ ವೋಲ್ಟೇಜನ್ನು ತಂತ್ರಾಂಶದಿಂದ ಇಳಿಸಿ. ಚಿಪ್ಪು ಸುಡುವ ವಿದ್ಯುತ್ತು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. 1.05 ವೋಲ್ಟ್‌ನಲ್ಲಿ ಓಡುವ ಕಾರ್ಡ್ ಅದೇ ಕ್ಲಾಕ್ ವೇಗವನ್ನು 0.925 ವೋಲ್ಟ್‌ನಲ್ಲಿ ಉಳಿಸಿಕೊಂಡರೆ ಆ ಲೆಕ್ಕದಲ್ಲಿ ಶೇ 22ರಷ್ಟು ಶಾಖ ಇಳಿಯಿತು, ಫ್ರೇಮ್ (ಸೆಕೆಂಡಿಗೆ ಮೂಡುವ ಚಿತ್ರ) ಒಂದೂ ಕಡಿಮೆಯಾಗಲಿಲ್ಲ. ಪ್ರತಿಯೊಂದು ಚಿಪ್ಪೂ ಎಷ್ಟು ಇಳಿಯುತ್ತದೆ ಎಂಬುದು ಬೇರೆಬೇರೆ. ಸ್ವಲ್ಪಸ್ವಲ್ಪವೇ ಇಳಿಸಿ, ಭಾರವಾದ ಆಟವೊಂದನ್ನು ಗಂಟೆಗಟ್ಟಲೆ ಆಡಿ, ಕಾರ್ಡ್ ತಡವರಿಸಿದರೆ ಒಂದು ಹೆಜ್ಜೆ ಹಿಂದಕ್ಕೆ ಬರಬೇಕು. ಅದರ ಮೇಲೆ ಫ್ರೇಮ್ ಮಿತಿ. 165 ಹರ್ಟ್ಸ್ ಮಾನಿಟರಿನಲ್ಲಿ ಹಳೆಯ ಆಟವೊಂದನ್ನು 400 ಫ್ರೇಮ್‌ನಲ್ಲಿ ಓಡಲು ಬಿಟ್ಟರೆ ಅರ್ಧಕ್ಕಿಂತ ಹೆಚ್ಚು ಫ್ರೇಮ್‌ಗಳು ಕಣ್ಣಿಗೆ ಬೀಳದೆ ಶಾಖವಾಗಿ ಹೋಗುತ್ತವೆ. 160ರ ಆಸುಪಾಸಿಗೆ ಮಿತಿ ಹಾಕಿ.

ಬಯಲುಸೀಮೆ (ಕಡೂರು)

ಹೇಮಾವತಿದಡ ಅವರ ಲೆಕ್ಕ ಚೆನ್ನಾಗಿದೆ, ಆದರೂ ನನಗೆ ಎರಡು ತಕರಾರುಗಳಿವೆ. ಒಂದು, ಹಣ ಕೊಟ್ಟು ತಂದ ಕಾರ್ಡಿನ ಬಾಯಿ ಕಟ್ಟಿ ಓಡಿಸುವುದು ನನ್ನ ಮನಸ್ಸಿಗೆ ಒಗ್ಗುವುದಿಲ್ಲ. ಅಷ್ಟೇ ವೇಗ ಸಾಕೆಂದಿದ್ದರೆ ಕೆಳಗಿನ ದರ್ಜೆಯ ಕಾರ್ಡನ್ನೇ ಕೊಂಡು ಹಣ ಉಳಿಸಬಹುದಲ್ಲ. ಎರಡು, 700 ಸುತ್ತು 800 ಸುತ್ತು ಎಂಬ ಮಾತೆಲ್ಲ ಮಲೆನಾಡಿನ ತಂಪಿನಲ್ಲಿ ಕೂತು ಆಡುವ ಮಾತು. ನಮ್ಮ ಕಡೂರು, ಅರಸೀಕೆರೆ ಕಡೆ ಏಪ್ರಿಲ್ ತಿಂಗಳಲ್ಲಿ ಮಧ್ಯಾಹ್ನ ಆರ್‌ಸಿಸಿ ಮನೆಯ ಮೇಲಂತಸ್ತಿನಲ್ಲಿ ಕೂತು ನೋಡಿ. ಜಿಲ್ಲೆ ಒಂದೇ ಆದರೂ ಹವೆ ಒಂದೇ ಅಲ್ಲ.

ಹೇಮಾವತಿದಡ (ಹಾಸನ)

ಎರಡನೆಯದನ್ನು ಪೂರ್ತಿ ಒಪ್ಪುತ್ತೇನೆ. ಕೋಣೆಯ ಗಾಳಿ ಹತ್ತು ಡಿಗ್ರಿ ಬಿಸಿಯಾದರೆ, ಫ್ಯಾನ್ ವೇಗ ಬದಲಾಗದಿದ್ದಲ್ಲಿ, ಚಿಪ್ಪೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ. ಹೀಗಾಗಿ ಯಾರದೋ ವಿಮರ್ಶೆಯಲ್ಲಿ ಕಂಡ ತಾಪಮಾನವನ್ನು ನಮ್ಮ ಮನೆಗೆ ತರುವಾಗ ಕೋಣೆಯ ವ್ಯತ್ಯಾಸವನ್ನು ಕೂಡಿಸಿಕೊಳ್ಳಬೇಕು. ಇದರ ಜೊತೆಗೆ ನಮ್ಮ ಕಡೆಯ ಯಾರೂ ಲೆಕ್ಕಕ್ಕೆ ಹಿಡಿಯದ ಇನ್ನೊಂದು ಅಂಶವಿದೆ. ಹಾಸನ ಸಮುದ್ರಮಟ್ಟಕ್ಕಿಂತ ಒಂಬೈನೂರು ಮೀಟರಿಗೂ ಮೇಲೆ ಇದೆ, ಚಿಕ್ಕಮಗಳೂರು ಸಾವಿರ ಮೀಟರಿಗೂ ಮೇಲೆ. ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಕರಾವಳಿಗಿಂತ ಶೇ 9ರಿಂದ 10ರಷ್ಟು ಕಡಿಮೆ. ಅಂದರೆ ಅದೇ ಫ್ಯಾನ್ ಅದೇ ವೇಗದಲ್ಲಿ ತಿರುಗಿದರೂ ಅದು ಹೊತ್ತೊಯ್ಯುವ ಶಾಖ ಸ್ವಲ್ಪ ಕಡಿಮೆ. ಇದು ಚಿಪ್ಪಿನ ಮೇಲೆ ಕೆಲವೇ ಡಿಗ್ರಿಗಳ ವ್ಯತ್ಯಾಸ, ಮೂಡಿಗೆರೆಯ ರಾತ್ರಿಯ ತಂಪು ಅದನ್ನು ಸರಿದೂಗಿಸಿ ಇನ್ನೂ ಉಳಿಸುತ್ತದೆ. ಮಂಗಳೂರಿನ ಸೆಖೆಯಲ್ಲಿ ಆಡುವವರಿಗಿಂತ ಹೆಂಚಿನಮನೆಯವರ ಸ್ಥಿತಿ ಹೇಗಿದ್ದರೂ ಒಳ್ಳೆಯದು.

ಆದರೆ ಅದೇ ತೋಟದ ಮನೆ ಇನ್ನೊಂದು ಕಡೆಯಿಂದ ಕಷ್ಟ ಕೊಡುತ್ತದೆ. ಪೇಟೆಯ ಕೋಣೆಯಲ್ಲಿ ರಸ್ತೆಯ ಸದ್ದು, ಸೀಲಿಂಗ್ ಫ್ಯಾನಿನ ಸದ್ದು ಎಲ್ಲ ಸೇರಿ 35–40 ಡೆಸಿಬೆಲ್ ಹಿನ್ನೆಲೆ ಇದ್ದೇ ಇರುತ್ತದೆ. ಅಲ್ಲಿ 32 ಡೆಸಿಬೆಲ್‌ನ ಕಂಪ್ಯೂಟರ್ ಅದರೊಳಗೆ ಮುಳುಗಿಹೋಗುತ್ತದೆ. ಮಳೆಗಾಲ ಕಳೆದ ಮೇಲೆ ತೋಟದ ನಡುವಿನ ಮನೆಯಲ್ಲಿ ರಾತ್ರಿ ಹನ್ನೊಂದಕ್ಕೆ ಅಂಥ ಹಿನ್ನೆಲೆ ಇರುವುದಿಲ್ಲ. ಜುಲೈನಲ್ಲಿ ಹೆಂಚಿನ ಮೇಲೆ ಮಳೆ ಬಡಿಯುವಾಗ ನೀವು ಯಾವ ಯಂತ್ರ ಓಡಿಸಿದರೂ ನಡೆಯುತ್ತದೆ. ಪರೀಕ್ಷೆ ಇರುವುದು ಕೊಯ್ಲಿನ ಕಾಲದಲ್ಲಿ. ಮೊಬೈಲ್‌ನ ಡೆಸಿಬೆಲ್ ಆ್ಯಪ್‌ಗಳನ್ನು ನಂಬಬೇಡಿ, ಇಷ್ಟು ತಗ್ಗಿನ ಸದ್ದನ್ನು ಸರಿಯಾಗಿ ಅಳೆಯುವ ಮೈಕ್ ಅವುಗಳಲ್ಲಿ ಇರುವುದಿಲ್ಲ.

ಮೊದಲನೆಯ ತಕರಾರಿಗೆ ಬಂದರೆ, ದೊಡ್ಡ ಚಿಪ್ಪನ್ನು ನಿಧಾನವಾಗಿ ಓಡಿಸುವುದಕ್ಕೂ ಸಣ್ಣ ಚಿಪ್ಪನ್ನು ಅದರ ತುತ್ತತುದಿಗೆ ಓಡಿಸುವುದಕ್ಕೂ ಬಹಳ ಅಂತರವಿದೆ. ಕಂಪನಿಗಳು ವೇಗದ ಪಟ್ಟಿಯಲ್ಲಿ ಮೇಲೆ ಕಾಣಿಸಿಕೊಳ್ಳಲೆಂದು ಕಾರ್ಡ್‌ಗಳನ್ನು ಕೊನೆಯ ಕೆಲವು ಫ್ರೇಮ್‌ಗಳಿಗಾಗಿ ಬಹಳಷ್ಟು ವಿದ್ಯುತ್ತು ಸುಡುವಂತೆ ಹೊಂದಿಸಿ ಕಳುಹಿಸುತ್ತವೆ. ಆ ಕೊನೆಯ ತುಣುಕನ್ನು ಬಿಟ್ಟುಕೊಟ್ಟರೆ ಸಿಗುವ ಮೌನ ಸಣ್ಣ ಕಾರ್ಡ್ ಕೊಂಡರೆ ಸಿಗುವುದಿಲ್ಲ, ವೇಗವಂತೂ ಸಿಗುವುದೇ ಇಲ್ಲ.

ತಾಮ್ರತಂತಿ (ಬೇಲೂರು)

ನಾನು ಎಲೆಕ್ಟ್ರಾನಿಕ್ಸ್ ರಿಪೇರಿ ಮಾಡುವವನು. ಫ್ಯಾನ್‌ಗಳ ಬಗ್ಗೆ ಇಷ್ಟು ಚರ್ಚೆಯಾಯಿತು, ಕಾಯಿಲ್ ವೈನ್ ಬಗ್ಗೆ ಒಂದು ಮಾತೂ ಬರಲಿಲ್ಲ. ಗ್ರಾಫಿಕ್ಸ್ ಕಾರ್ಡಿನ ಮೇಲಿರುವ ಇಂಡಕ್ಟರ್ ಸುರುಳಿಗಳ ಮೂಲಕ ಹರಿಯುವ ಕರೆಂಟು ಸೆಕೆಂಡಿಗೆ ಸಾವಿರಾರು ಬಾರಿ ಏರಿಳಿಯುವಾಗ ಆ ಸುರುಳಿಗಳು ಸಣ್ಣಗೆ ನಡುಗುತ್ತವೆ, ಆ ನಡುಕ ಕಿವಿಗೆ ಕೇಳುವ ಪಟ್ಟಿಯೊಳಗೆ ಬಂದರೆ ಜೀರುಂಡೆಯಂಥ ಕಿರ್ರ್ ಸದ್ದಾಗುತ್ತದೆ. ಫ್ಯಾನ್‌ಗಳನ್ನು ಚೆನ್ನಾಗಿ ಇಳಿಸಿದವರಿಗೇ ಇದು ಹೆಚ್ಚು ಕಾಡುವುದು, ಏಕೆಂದರೆ ಅದನ್ನು ಮುಚ್ಚಿಡಲು ಬೇರೆ ಸದ್ದು ಉಳಿದಿರುವುದಿಲ್ಲ. ಆಟದ ಮೆನು ಪರದೆಯಲ್ಲಿ ಫ್ರೇಮ್‌ಗಳು ಸಾವಿರ ದಾಟಿದಾಗ ಇದು ಅತಿ ಜೋರು. ಮೇಲೆ ಹೇಳಿದ ಫ್ರೇಮ್ ಮಿತಿ ಇದಕ್ಕೂ ಮದ್ದು, ಅಂಡರ್‌ವೋಲ್ಟ್ ಕೂಡ ಸ್ವಲ್ಪ ಸಹಾಯ ಮಾಡುತ್ತದೆ. ಆದರೆ ಒಂದೇ ಮಾದರಿಯ ಎರಡು ಕಾರ್ಡ್‌ಗಳಲ್ಲಿ ಒಂದು ಕಿರುಗುಟ್ಟಿ ಇನ್ನೊಂದು ಸುಮ್ಮನಿರುವುದುಂಟು. ಕೊಳ್ಳುವ ಮೊದಲು ತಿಳಿಯುವ ದಾರಿಯಿಲ್ಲ. ಬದಲಿಸಿಕೊಡುವ ಅವಧಿ ಎಷ್ಟು ದಿನ ಎಂಬುದನ್ನು ಕೇಳಿಕೊಂಡೇ ತನ್ನಿ.

ಎಸ್‌ಎಂಪಿಎಸ್ (ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಪೆಟ್ಟಿಗೆ) ಬಗ್ಗೆ: ಮೇಲೆ ಹೇಳಿದ ಭಾಗಗಳ ಯಂತ್ರ ಆಟದ ಹೊತ್ತಿನಲ್ಲಿ ಸುಮಾರು 350 ವಾಟ್ ಸೆಳೆದೀತು. 750 ವಾಟ್‌ನ, 80 ಪ್ಲಸ್ ಗೋಲ್ಡ್ ಎಂಬ ದಕ್ಷತೆಯ ದರ್ಜೆಯ ಎಸ್‌ಎಂಪಿಎಸ್ ಹಾಕಿದರೆ ಅದು ಅರ್ಧ ಹೊರೆಯಲ್ಲಿ, ದಕ್ಷತೆ ಅತ್ಯುತ್ತಮವಾಗಿರುವ ಜಾಗದಲ್ಲೇ ಓಡುತ್ತದೆ. ಕಡಿಮೆ ಹೊರೆಯಲ್ಲಿ ಫ್ಯಾನನ್ನು ಪೂರ್ತಿ ನಿಲ್ಲಿಸುವ ಮಾದರಿಗಳೂ ಇವೆ. 550 ವಾಟ್ ಕೂಡ ನಡೆದೀತು, ಆದರೆ ಅದರ ಸಣ್ಣ ಫ್ಯಾನ್ ಆಗಾಗ ಏಳುತ್ತದೆ.

ನಮ್ಮ ಕಡೆಯ ಕರೆಂಟಿನ ವಿಷಯ ಎಲ್ಲರಿಗೂ ಗೊತ್ತಿರುವಂಥದ್ದು. ಒಳ್ಳೆಯ ಎಸ್‌ಎಂಪಿಎಸ್‌ಗಳು 100ರಿಂದ 240 ವೋಲ್ಟ್‌ವರೆಗೆ ಯಾವುದನ್ನಾದರೂ ತಡೆದುಕೊಳ್ಳುವುದರಿಂದ ಕಂಪ್ಯೂಟರಿಗೆಂದು ಪ್ರತ್ಯೇಕ ಸ್ಟೆಬಿಲೈಜರ್ ಬೇಕಿಲ್ಲ. ರಾತ್ರಿ ವೋಲ್ಟೇಜ್ ಏರಿಳಿದಾಗಲೆಲ್ಲ ಅದರ ರಿಲೇ ಟಕ್ ಟಕ್ ಎನ್ನುವುದೊಂದು ಬೇರೆ ರಗಳೆ. ಯುಪಿಎಸ್ ಮಾತ್ರ ಬೇಕು, ಸೈನ್ ವೇವ್ (ಮನೆಯ ಕರೆಂಟಿನಂತೆಯೇ ನಯವಾಗಿ ಏರಿಳಿಯುವ ಅಲೆ) ಕೊಡುವಂಥದ್ದೇ ಇದ್ದರೆ ಉತ್ತಮ. ಸಾಮಾನ್ಯವಾಗಿ ಮಾರುವ 600 ವಿಎ ಯುಪಿಎಸ್‌ನ ನಿಜವಾದ ಸಾಮರ್ಥ್ಯ 360 ವಾಟ್. ಆಟದ ನಡುವೆ ಕರೆಂಟು ಹೋದರೆ ಅದು ನಿಮ್ಮ ಯಂತ್ರವನ್ನು ಹೊರಲಾರದೆ ಕೈಬಿಡಬಹುದು. 1100 ವಿಎ ತೆಗೆದುಕೊಳ್ಳಿ. ಲೈನ್ ಇಂಟರ್‌ಆ್ಯಕ್ಟಿವ್ ಜಾತಿಯದು ಕರೆಂಟು ಇರುವವರೆಗೆ ಹೆಚ್ಚುಕಡಿಮೆ ಸುಮ್ಮನಿರುತ್ತದೆ. ಸದಾ ತನ್ನ ಇನ್ವರ್ಟರ್ ಮೂಲಕವೇ ಕರೆಂಟು ಕೊಡುವ ಆನ್‌ಲೈನ್ ಯುಪಿಎಸ್ ಒಳ್ಳೆಯದೇ ಆದರೂ ಅದರ ಫ್ಯಾನ್ ಹಗಲಿರುಳು ತಿರುಗುತ್ತದೆ, ನೀವು ಉಳಿಸಿದ ಡೆಸಿಬೆಲ್‌ಗಳೆಲ್ಲ ಅದಕ್ಕೇ ಹೋಗುತ್ತವೆ. ಮನೆಯ ಇನ್ವರ್ಟರಿನ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿಟ್ಟು ನೇರವಾಗಿ ಓಡಿಸುವವರೂ ಇದ್ದಾರೆ. ಸ್ಕ್ವೇರ್ ವೇವ್ ಇನ್ವರ್ಟರ್ ಆಗಿದ್ದರೆ ಎಸ್‌ಎಂಪಿಎಸ್ ಕೂಡ ಗುಂಯ್‌ಗುಡಲು ಶುರುಮಾಡುತ್ತದೆ, ಅದನ್ನು ನಾನು ಸಲಹೆ ಮಾಡುವುದಿಲ್ಲ.

ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಇದಾವುದೂ ರಕ್ಷಣೆಯಲ್ಲ. ಅರ್ಥಿಂಗ್ ಸರಿಯಾಗಿದೆಯೇ ನೋಡಿಸಿ. ಸಿಡಿಲಿನ ಸದ್ದು ಕೇಳಿಸಿತೆಂದರೆ ಪ್ಲಗ್ ತೆಗೆಯಿರಿ, ಜೊತೆಗೆ ಲ್ಯಾನ್ ಕೇಬಲ್ಲನ್ನೂ ತೆಗೆಯಿರಿ. ಪ್ಲಗ್ ಕಿತ್ತು ಲ್ಯಾನ್ ಬಿಟ್ಟವರ ಮದರ್‌ಬೋರ್ಡ್‌ಗಳು ನನ್ನ ಮೇಜಿಗೆ ಬರುತ್ತಲೇ ಇರುತ್ತವೆ.

ಕಾಫಿಕಣ (ಸಕಲೇಶಪುರ)

ಕ್ಯಾಬಿನೆಟ್ಟನ್ನು ಎಲ್ಲಿ ಇಡುತ್ತೀರಿ ಎಂದು ಹೆಂಚಿನಮನೆಯವರು ಹೇಳಲಿಲ್ಲ. ನಮ್ಮದೂ ಅಂಥದ್ದೇ ಮನೆ, ಒಂದು ಮಾತು ಹೇಳುತ್ತೇನೆ. ಮರದ ಹಲಗೆಯ ನೆಲವಿರುವ ಅಟ್ಟದಲ್ಲಿ ಇಡಬೇಡಿ. ಫ್ಯಾನ್‌ಗಳ ಸಣ್ಣ ಅದುರು ಹಲಗೆಗೆ ಇಳಿದು ಕೆಳಗಿನ ಕೋಣೆಗೆ ಹೋಗುತ್ತದೆ, ಮೇಲೆ ಕೂತವರಿಗೆ ಕೇಳದ ಸದ್ದು ಕೆಳಗೆ ಮಲಗಿದವರಿಗೆ ಕೇಳುತ್ತದೆ. ನೆಲದ ಮೇಲೆ ಇಡಿ, ಕಾಲುಗಳಿಗೆ ದಪ್ಪ ರಬ್ಬರ್ ಕೊಡಿ. ನಾರಿನ ಮ್ಯಾಟಿನ ಮೇಲೋ ಹಳೆಯ ಕಂಬಳಿಯ ಮೇಲೋ ಇಟ್ಟರೆ ಅದುರು ನಿಲ್ಲುತ್ತದೆ ಎಂದು ತೋರಿದರೂ ಎಸ್‌ಎಂಪಿಎಸ್ ಗಾಳಿ ಎಳೆದುಕೊಳ್ಳುವುದು ಕ್ಯಾಬಿನೆಟ್ಟಿನ ತಳದಿಂದ. ಆ ದಾರಿಯೇ ಮುಚ್ಚಿಹೋಗುತ್ತದೆ. ಮೇಜಿನ ಕೆಳಗೆ, ಹಿಂಬದಿ ಗೋಡೆಗೆ ಒಂದು ಗೇಣಾದರೂ ಜಾಗ ಬಿಟ್ಟು ಇಡುವುದು ಸರಿ. ಹಳೆಯ ಹಾರ್ಡ್‌ಡಿಸ್ಕ್ ಒಂದನ್ನೂ ಹೊಸ ಯಂತ್ರಕ್ಕೆ ಸೇರಿಸಬೇಡಿ, ಎಸ್‌ಎಸ್‌ಡಿ ಮಾತ್ರ.

ಧೂಳಿನ ವಿಷಯ ಇನ್ನೂ ಮುಖ್ಯ. ಕಣದಲ್ಲಿ ಕಾಫಿ ಒಣಗಿಸುವ ತಿಂಗಳುಗಳಲ್ಲಿ ಏಳುವ ಹೊಟ್ಟಿನ ಪುಡಿ ಮನೆಯೊಳಗೆ ಹೇಗೆ ಬರುತ್ತದೆ ಎಂಬುದು ನಿಮಗೆ ಗೊತ್ತಿದೆ. ಮುಂದಿನಿಂದ ಒಳಗೆ ಎಳೆಯುವ ಗಾಳಿ ಹಿಂದಿನಿಂದ ಹೊರಹೋಗುವುದಕ್ಕಿಂತ ಹೆಚ್ಚಿದ್ದರೆ ಸಂದುಗಳಿಂದ ಧೂಳು ನುಗ್ಗುವುದು ಕಡಿಮೆ, ಎಲ್ಲ ಗಾಳಿಯೂ ಫಿಲ್ಟರ್ ಮೂಲಕವೇ ಬರುತ್ತದೆ. ಮುಂದೆ 140 ಮಿಲಿಮೀಟರಿನ ಎರಡು ಫ್ಯಾನ್, ಹಿಂದೆ ಒಂದು: ನಮ್ಮಲ್ಲಿರುವುದು ಇಷ್ಟೇ, ಸಾಕಾಗಿದೆ. ಫಿಲ್ಟರನ್ನು ಕೊಯ್ಲಿನ ಕಾಲದಲ್ಲಿ ವಾರವಾರವೂ ಕೊಡವಬೇಕು. ಫಿಲ್ಟರ್ ಕಟ್ಟಿಕೊಂಡರೆ ಮೊದಲು ತಿಳಿಯುವುದು ಕಿವಿಗೇ. ಅದೇ ಆಟಕ್ಕೆ ಫ್ಯಾನ್ ಹೆಚ್ಚು ಕೂಗತೊಡಗುತ್ತದೆ.

ಹಲ್ಲಿಯನ್ನೂ ಮರೆಯಬೇಡಿ. ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಹುಡುಕಿಕೊಂಡು ಅವು ಕ್ಯಾಬಿನೆಟ್ಟಿನ ಹಿಂಬದಿಯ ಖಾಲಿ ಸ್ಲಾಟ್‌ಗಳಿಂದ ಒಳಗೆ ಸೇರುತ್ತವೆ. ಬಳಸದ ಸ್ಲಾಟಿನ ತಗಡುಗಳನ್ನು ತೆಗೆದಿಟ್ಟು ಮರೆಯುವವರು ಬಹಳ. ಅವೆಲ್ಲ ತಮ್ಮ ಜಾಗದಲ್ಲಿ ಇರಲಿ. ಶೀತದ ತಿಂಗಳುಗಳಲ್ಲಿ ಯಂತ್ರವನ್ನು ವಾರಗಟ್ಟಲೆ ಮುಚ್ಚಿಡದೆ ದಿನಕ್ಕೊಮ್ಮೆಯಾದರೂ ಆನ್ ಮಾಡಿ, ಒಳಗಿನ ಬಿಸಿಗೆ ತೇವ ಹೋಗುತ್ತದೆ.

ಹೆಂಚಿನಮನೆ (ಮೂಡಿಗೆರೆ)

ಎಲ್ಲರಿಗೂ ಧನ್ಯವಾದಗಳು. ಇಷ್ಟು ವಿವರ ಸಿಗುತ್ತದೆಂದು ನಿರೀಕ್ಷಿಸಿರಲಿಲ್ಲ. ಸದ್ಯಕ್ಕೆ ಮನಸ್ಸಿನಲ್ಲಿರುವುದು ಹೀಗಿದೆ: ರೈಜೆನ್ 7 7800ಎಕ್ಸ್3ಡಿ, ಮೇಲೆ ಹೇಳಿದ ಅಗ್ಗದ ಎರಡು ಗೋಪುರದ ಕೂಲರ್, ಮೂರು ಫ್ಯಾನಿನ ಆರ್‌ಎಕ್ಸ್ 9070, 32 ಜಿಬಿ ಡಿಡಿಆರ್5, 2 ಟಿಬಿ ಎಸ್‌ಎಸ್‌ಡಿ, 750 ವಾಟ್ ಗೋಲ್ಡ್ ಎಸ್‌ಎಂಪಿಎಸ್, ಜಾಲರಿ ಮುಂಭಾಗದ ಕ್ಯಾಬಿನೆಟ್. ರ‍್ಯಾಮ್ ಬೆಲೆ 2025ರ ಕೊನೆಯಿಂದ ಏರಿರುವುದನ್ನು ನೋಡಿದರೆ ಬಜೆಟ್ಟು ಬಿಗಿಯಾಗುತ್ತದೆ. ಅಗತ್ಯ ಬಿದ್ದರೆ ಎಸ್‌ಎಸ್‌ಡಿಯನ್ನು 1 ಟಿಬಿಗೆ ಇಳಿಸುತ್ತೇನೆ.

ಒಂದು ಪ್ರಶ್ನೆ ಉಳಿದಿದೆ. ಹಳೆಯ ಯಂತ್ರದಲ್ಲಿ ಸದ್ದಿಗಿಂತ ಹೆಚ್ಚು ಕಿರಿಕಿರಿ ಮಾಡುವುದು ಅದರ ಏರಿಳಿತ. ಬ್ರೌಸರ್ ತೆರೆದರೆ ಹೂಂ ಎಂದು ಏರುತ್ತದೆ, ಕೂಡಲೇ ಇಳಿಯುತ್ತದೆ, ಮತ್ತೆ ಏರುತ್ತದೆ. ಹೊಸದರಲ್ಲಿ ಇದನ್ನು ತಪ್ಪಿಸುವುದು ಹೇಗೆ?

ಹೇಮಾವತಿದಡ (ಹಾಸನ)

ಮಲಗಿದವರನ್ನು ಎಬ್ಬಿಸುವುದು ಬದಲಾಗುವ ಸದ್ದು. ಒಂದೇ ಮಟ್ಟದಲ್ಲಿ ಇರುವ ಸದ್ದಿಗೆ ಕಿವಿ ಒಗ್ಗಿಕೊಳ್ಳುತ್ತದೆ. ರೈಜೆನ್ ಪ್ರೊಸೆಸರುಗಳ ತಾಪಮಾನ ಸಣ್ಣ ಕೆಲಸಕ್ಕೂ ಕ್ಷಣಮಾತ್ರದಲ್ಲಿ ಹತ್ತು ಹದಿನೈದು ಡಿಗ್ರಿ ಜಿಗಿದು ಇಳಿಯುವುದು ಸಹಜ. ಫ್ಯಾನ್ ಅದರ ಬೆನ್ನು ಹತ್ತಿದರೆ ನೀವು ಹೇಳಿದ ಏರಿಳಿತವೇ ಆಗುವುದು. ಬಯಾಸ್‌ನಲ್ಲಿ (ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆಯಲ್ಲಿ) ಫ್ಯಾನ್ ಕರ್ವನ್ನು, ಅಂದರೆ ತಾಪಮಾನಕ್ಕೆ ತಕ್ಕ ಫ್ಯಾನ್ ವೇಗದ ಗೆರೆಯನ್ನು, 65 ಡಿಗ್ರಿಯವರೆಗೆ ಸಮತಟ್ಟಾಗಿ, ಕಿವಿಗೆ ಬೀಳದಷ್ಟು ತಗ್ಗಿನ ವೇಗದಲ್ಲಿ ಇಟ್ಟು, ಅಲ್ಲಿಂದ ಮೇಲೆ ನಿಧಾನವಾಗಿ ಏರುವಂತೆ ಬರೆಯಿರಿ. ತಾಪಮಾನ ಏರಿದ ಕೆಲವು ಸೆಕೆಂಡುಗಳ ನಂತರವೇ ವೇಗ ಬದಲಾಗುವಂತೆ ತಡ ಹಾಕುವ ಆಯ್ಕೆಯೂ ಅಲ್ಲೇ ಇರುತ್ತದೆ. 7800ಎಕ್ಸ್3ಡಿಯ ಗರಿಷ್ಠ ಮಿತಿ 89 ಡಿಗ್ರಿ. ಆಟದಲ್ಲಿ 75 ಕಂಡರೆ ಗಾಬರಿಪಡಬೇಕಾದ್ದಿಲ್ಲ. ತಂಪಾಗಿಟ್ಟಷ್ಟೂ ಒಳ್ಳೆಯದು ಎಂಬ ನಂಬಿಕೆಯಿಂದ ಫ್ಯಾನ್‌ಗಳನ್ನು ಓಡಿಸುವವರೇ ಹೆಚ್ಚು ಸದ್ದು ಅನುಭವಿಸುವುದು.

ಇನ್ನೂ ಒಂದು ಹೆಜ್ಜೆ ಇದೆ, ಅದನ್ನು ಬಹುತೇಕರು ಮಾಡುವುದಿಲ್ಲ. ಕ್ಯಾಬಿನೆಟ್ಟಿನ ಫ್ಯಾನ್‌ಗಳು ಮದರ್‌ಬೋರ್ಡಿಗೆ ಜೋಡಿಸಿರುವುದರಿಂದ ಸಾಮಾನ್ಯವಾಗಿ ಪ್ರೊಸೆಸರಿನ ತಾಪಮಾನವನ್ನು ನೋಡಿ ಓಡುತ್ತವೆ. ಆಟದಲ್ಲಿ ಶಾಖದ ಬಹುಪಾಲು ಹುಟ್ಟುವುದು ಗ್ರಾಫಿಕ್ಸ್ ಕಾರ್ಡಿನಲ್ಲಿ, ಅದರ ತಾಪಮಾನ ಬಯಾಸಿಗೆ ಸಾಮಾನ್ಯವಾಗಿ ತಿಳಿಯುವುದಿಲ್ಲ. ವಿಂಡೋಸ್‌ನಲ್ಲಿ ಫ್ಯಾನ್ ಕಂಟ್ರೋಲ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಕ್ಯಾಬಿನೆಟ್ ಫ್ಯಾನ್‌ಗಳನ್ನು ಕಾರ್ಡಿನ ತಾಪಮಾನಕ್ಕೆ ಕಟ್ಟಿ. ಮುಂದಿನ ಎರಡು ದೊಡ್ಡ ಫ್ಯಾನ್‌ಗಳು ಸ್ವಲ್ಪ ಮುಂಚೆಯೇ ಏರಿ ತಂಪು ಗಾಳಿ ಕೊಟ್ಟರೆ ಕಾರ್ಡಿನ ಸಣ್ಣ ಫ್ಯಾನ್‌ಗಳು ಏಳುವ ಅಗತ್ಯವೇ ಕಡಿಮೆಯಾಗುತ್ತದೆ. ವೇಗವನ್ನು ಸಂಕೇತದಿಂದ ಹೊಂದಿಸುವ, ನಾಲ್ಕು ಪಿನ್ನಿನ ಪಿಡಬ್ಲ್ಯೂಎಂ ಫ್ಯಾನ್‌ಗಳನ್ನೇ ಕೊಳ್ಳಿ, ಅವು ಬಹಳ ತಗ್ಗಿನ ವೇಗದಲ್ಲೂ ನಿಲ್ಲದೆ ತಿರುಗುತ್ತವೆ.

ಬಯಲುಸೀಮೆ (ಕಡೂರು)

ನಿನ್ನೆ ಈ ಚರ್ಚೆ ಓದಿದ ಮೇಲೆ ನನ್ನ ಕಾರ್ಡಿನ ಪವರ್ ಲಿಮಿಟ್ಟನ್ನು (ಅದು ಸೆಳೆಯಬಹುದಾದ ವಿದ್ಯುತ್ತಿನ ಮಿತಿಯನ್ನು) ಶೇ 80ಕ್ಕೆ ಇಳಿಸಿ ಆಡಿ ನೋಡಿದೆ. ಫ್ರೇಮ್ ಎಷ್ಟು ಕಡಿಮೆಯಾಯಿತೆಂದು ಕೌಂಟರ್ ನೋಡದೆ ಹೇಳಲು ಆಗಲಿಲ್ಲ. ಬಾಯಿ ಕಟ್ಟುವ ಮಾತನ್ನು ಅಷ್ಟರ ಮಟ್ಟಿಗೆ ಹಿಂತೆಗೆದುಕೊಳ್ಳುತ್ತೇನೆ. ನಮ್ಮ ಊರಿನ ಬಿಸಿಲಿನ ಮಾತನ್ನಲ್ಲ.

ತಾಮ್ರತಂತಿ (ಬೇಲೂರು)

ಹೆಂಚಿನಮನೆಯವರಿಗೆ ಖರೀದಿಯ ಬಗ್ಗೆ ಕೊನೆಯದಾಗಿ. ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ತರುವುದಾದರೆ ಪ್ರತಿಯೊಂದು ಭಾಗಕ್ಕೂ ಸೀರಿಯಲ್ ನಂಬರ್ ಬರೆದ ಜಿಎಸ್‌ಟಿ ಬಿಲ್ ಕೇಳಿ ಪಡೆಯಿರಿ. ಬಿಲ್ ಇಲ್ಲದೆ ಕೊಟ್ಟರೆ ಶೇ 18 ತೆರಿಗೆ ಉಳಿಯುತ್ತದೆ ಎಂದು ಹೇಳುವವರು ಸಿಗುತ್ತಾರೆ. ಕಾರ್ಡ್ ಕೈಕೊಟ್ಟ ದಿನ ವಾರಂಟಿಗೆ ಹೋಗಿ ನಿಂತಾಗ ಆ ಉಳಿತಾಯ ನೆನಪಿಗೆ ಬರುತ್ತದೆ. ಕ್ಯಾಬಿನೆಟ್ ಆರಿಸುವಾಗ ಎರಡು ಅಳತೆ ನೋಡಿ: ಕೂಲರಿನ ಎತ್ತರಕ್ಕೆ ಎಷ್ಟು ಜಾಗ, ಕಾರ್ಡಿನ ಉದ್ದಕ್ಕೆ ಎಷ್ಟು ಜಾಗ. ನೀವು ಹೇಳಿದ ಕೂಲರ್ 155 ಮಿಲಿಮೀಟರ್ ಎತ್ತರ, ಹೆಚ್ಚಿನ ಕ್ಯಾಬಿನೆಟ್‌ಗಳಲ್ಲಿ ಹಿಡಿಸುತ್ತದೆ. ಮೂರು ಫ್ಯಾನಿನ ಕಾರ್ಡ್‌ಗಳು ಮಾತ್ರ 300 ಮಿಲಿಮೀಟರ್ ದಾಟುವುದು ಸಾಮಾನ್ಯ, ಮುಂದಿನ ಫ್ಯಾನಿನ ದಪ್ಪವನ್ನೂ ಕಳೆದು ಲೆಕ್ಕ ಹಾಕಿ.

ಹೆಂಚಿನಮನೆ (ಮೂಡಿಗೆರೆ)

ಗುರುತು ಹಾಕಿಕೊಂಡೆ. ಮುಂದಿನ ವಾರ ಬೆಂಗಳೂರಿಗೆ ಹೋಗುವವರಿದ್ದಾರೆ, ಕ್ಯಾಬಿನೆಟ್ಟನ್ನೂ ಎಸ್‌ಎಂಪಿಎಸ್ಸನ್ನೂ ಅವರ ಕೈಯಲ್ಲಿ ತರಿಸುತ್ತೇನೆ; ಕಾರ್ಡನ್ನು ಬದಲಿಸಿಕೊಡುವ ಅವಧಿ ಹೆಚ್ಚಿರುವ ಕಡೆಯಿಂದ ನಾನೇ ಆರ್ಡರ್ ಮಾಡುತ್ತೇನೆ. ಜೋಡಿಸಿ, ಅಂಡರ್‌ವೋಲ್ಟ್ ಮಾಡಿ ನೋಡಿದ ಮೇಲೆ ವೋಲ್ಟೇಜು, ತಾಪಮಾನ, ಫ್ಯಾನ್ ಸುತ್ತು ಎಲ್ಲವನ್ನೂ ಇಲ್ಲಿಯೇ ಬರೆಯುತ್ತೇನೆ.